ಡೇಟಾಬೇಸ್‌ನಲ್ಲಿರುವ ಹೆಸರುಗಳನ್ನು ವೆಬ್ ಪುಟದಲ್ಲಿ ಕಾಲಮ್ ಮಾಡಿ ತೋರಿಸುವುದು ಹೇಗೆ: ಕನ್ನಡ ಪಟ್ಟಿಗಳಿಗಾಗಿ ಸಮಗ್ರ ಮಾರ್ಗದರ್ಶಿ

ಡೇಟಾಬೇಸ್‌ನಲ್ಲಿ ಇಪ್ಪತ್ತು ಚಿಲ್ಲರೆ ಹೆಸರಿವೆ. ಒಂದರ ಕೆಳಗೊಂದು ಹಾಕಿದರೆ ಪುಟದ ಎಡಗಡೆ ಉದ್ದ ಬಾಲ ಬೆಳೆಯುತ್ತದೆ, ಬಲಗಡೆ ಪೂರ್ತಿ ಖಾಲಿ. ಅದನ್ನೇ ಮೂರು ಕಾಲಮ್ ಮಾಡಿದರೆ ಒಂದೇ ನೋಟಕ್ಕೆ ಎಲ್ಲಾ ಕಾಣುತ್ತದೆ. ಕೇಳೋಕೆ ಸುಲಭ. ಆದರೆ ಹೊಸಬರು ಇಲ್ಲೇ ಜಾಸ್ತಿ ಒದ್ದಾಡುತ್ತಾರೆ. ಹೆಸರುಗಳು ಕನ್ನಡದಲ್ಲಿದ್ದರೆ ಒದ್ದಾಟ ಇನ್ನಷ್ಟು.

ಉದಾಹರಣೆಗೆ ನಮ್ಮ ಕಡೆಯದೇ ಒಂದು ಪಟ್ಟಿ ತಗೊಳ್ಳೋಣ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಹತ್ತಿರದ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನವರಿಗೆ, ತಾವು ಮಾಲು ಕಳಿಸುವ ಊರುಗಳನ್ನು ವೆಬ್‌ಸೈಟಿನಲ್ಲಿ ತೋರಿಸಬೇಕಾಗಿದೆ ಅಂದುಕೊಳ್ಳಿ. ಧಾರವಾಡ ಜಿಲ್ಲೆಯಲ್ಲಿ 8 ತಾಲೂಕು, ಗದಗದಲ್ಲಿ 7, ಹಾವೇರಿಯಲ್ಲಿ 8. ಒಟ್ಟು 23. 1997ರವರೆಗೆ ಇವೆಲ್ಲ ಒಂದೇ ಧಾರವಾಡ ಜಿಲ್ಲೆಯಾಗಿದ್ದವು, ಹಾಗಾಗಿ ಹಳೇ ವ್ಯಾಪಾರಸ್ಥರ ಬಾಯಲ್ಲಿ ಇವತ್ತಿಗೂ ಇದು ಒಂದೇ ಪಟ್ಟಿ.

ನಾನು ಬಳಸುವುದು ಪಿಎಚ್‌ಪಿ (ಸರ್ವರ್‌ನಲ್ಲಿ ಪುಟ ಕಟ್ಟುವ ಭಾಷೆ) ಮತ್ತು ಮೈಎಸ್‌ಕ್ಯೂಎಲ್ (ಡೇಟಾಬೇಸ್). ಮನೆಯ ಕಂಪ್ಯೂಟರಿನಲ್ಲಿ ಝ್ಯಾಂಪ್ ಎಂಬ ತಂತ್ರಾಂಶ ಹಾಕಿಕೊಂಡರೆ ಎರಡೂ ಸಿಗುತ್ತವೆ (ಅದರಲ್ಲಿ ಬರುವುದು ಮೈಎಸ್‌ಕ್ಯೂಎಲ್‌ನ ದಾಯಾದಿ ಮರಿಯಾಡಿಬಿ, ನಮ್ಮ ಕೆಲಸಕ್ಕೆ ವ್ಯತ್ಯಾಸ ಇಲ್ಲ). ಕೋಡ್ ಸಾಲುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಮೊದಲು ತೀರ್ಮಾನ: ಕೆಳಗೋ, ಅಡ್ಡಕ್ಕೋ?

ಕೋಡ್ ಮುಟ್ಟುವ ಮೊದಲು ಇದೊಂದನ್ನು ನಿರ್ಧರಿಸಿ. ಓದುಗನ ಕಣ್ಣು ಕೆಳಗೆ ಇಳಿಯಬೇಕೋ, ಅಡ್ಡಕ್ಕೆ ಹೋಗಬೇಕೋ? ಉಳಿದ ಎಲ್ಲವೂ ಇದರ ಮೇಲೆ ನಿಂತಿದೆ.

ನಮ್ಮ 23 ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ, ಮೂರು ಕಾಲಮ್‌ಗಳಲ್ಲಿ ಕೆಳಮುಖವಾಗಿ ತುಂಬಿದರೆ ಮೊದಲ ಕಾಲಮ್ ಅಣ್ಣಿಗೇರಿಯಿಂದ ನರಗುಂದದವರೆಗೆ. ಎರಡನೆಯದು ನವಲಗುಂದದಿಂದ ಶಿಗ್ಗಾವಿವರೆಗೆ. ಮೂರನೆಯದು ಶಿರಹಟ್ಟಿಯಿಂದ ಹುಬ್ಬಳ್ಳಿ ನಗರದವರೆಗೆ. ನಿಘಂಟು ನೋಡಿ ಅಭ್ಯಾಸ ಇರುವ ಯಾರಿಗೂ ಊರು ತಟ್ಟನೆ ಸಿಗುತ್ತದೆ.

ಅದನ್ನೇ ಅಡ್ಡಕ್ಕೆ ತುಂಬಿದರೆ ಮೊದಲ ಸಾಲು ಅಣ್ಣಿಗೇರಿ, ಅಳ್ನಾವರ, ಕಲಘಟಗಿ. ಎರಡನೇ ಸಾಲು ಕುಂದಗೋಳ, ಗಜೇಂದ್ರಗಡ, ಗದಗ. ಈಗ ಎಡಗಡೆ ಕಾಲಮ್ ಮಾತ್ರ ಕೆಳಗೆ ಓದಿ: ಅಣ್ಣಿಗೇರಿ, ಕುಂದಗೋಳ, ಧಾರವಾಡ, ಬ್ಯಾಡಗಿ. ನಡುವೆ ಊರುಗಳು ಹಾರಿ ಹೋದ ಹಾಗೆ ಕಾಣುತ್ತದೆ. ಆಫೀಸಿನ ಗುಮಾಸ್ತ ಫೋನ್ ಮಾಡುವುದು ಗ್ಯಾರಂಟಿ: "ಸರ, ಪಟ್ಟಿ ಅಕಾರಾದಿ ಐತಿ ಅಂದಿದ್ರಿ, ಇದರಾಗ ಗದಗ ಎಲ್ಲೈತ್ರಿ?" ಪಟ್ಟಿ ಸರಿಯಾಗೇ ಇದೆ. ಅವರು ಓದಿದ ದಿಕ್ಕು ಬೇರೆ, ಅಷ್ಟೇ.

ನನ್ನ ಲೆಕ್ಕ ಇಷ್ಟು. ಬರೀ ಹೆಸರುಗಳ ಪಟ್ಟಿಯಾದರೆ ಕೆಳಮುಖ. ಫೋಟೋ ಇರುವ ಕಾರ್ಡ್‌ಗಳು, ಉದಾಹರಣೆಗೆ ಬೆಟಗೇರಿ ಸೀರೆಗಳೋ ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ತಳಿಗಳೋ ಆದರೆ ಅಡ್ಡ. ಇನ್ನು ಒಂದೊಂದು ಊರಿಗೂ ಲಾರಿ ಹೋಗುವ ದಿನ, ಕ್ವಿಂಟಲ್ ಬಾಡಿಗೆ ಅಂತ ನಾಲ್ಕಾರು ವಿವರ ಇದ್ದರೆ ಅದು ಮೂರನೇ ಜಾತಿ. ಅದಕ್ಕೆ ಟೇಬಲ್ ಬೇಕು, ಅದರ ಮಾತು ಆಮೇಲೆ.

ಡೇಟಾಬೇಸ್ ತಯಾರಿ

ಟೇಬಲ್ ಸರಳವಾಗಿರಲಿ: ಐಡಿ, ಊರಿನ ಹೆಸರು, ಜಿಲ್ಲೆ, ದಿನ, ಬಾಡಿಗೆ. ಕಾಲಮ್ 1, ಕಾಲಮ್ 2 ಅಂತ ಪುಟದ ಆಕಾರವನ್ನು ಡೇಟಾಬೇಸ್‌ನಲ್ಲೇ ಬರೆದಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ನಾಳೆ ಒಂದು ಊರು ಸೇರಿದರೆ ಇಡೀ ಪಟ್ಟಿಯನ್ನು ಜರುಗಿಸಬೇಕಾಗುತ್ತದೆ. ಡೇಟಾಬೇಸ್ ಕೊಡುವುದು ಕ್ರಮ, ಆಕಾರ ಕೊಡುವುದು ಪುಟದ ಕೆಲಸ.

ಅಕ್ಷರ ಸೆಟ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಯುಟಿಎಫ್8ಎಂಬಿ4 ಇರಲಿ. ಮೈಎಸ್‌ಕ್ಯೂಎಲ್‌ನ ಹಳೇ 'ಯುಟಿಎಫ್8' ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ ಬೇಕಾಗಿರುವುದೂ ಸರಿಯಾಗಿ 3 ಬೈಟ್, ಆದ್ದರಿಂದ ಅದರಲ್ಲಿ ಕನ್ನಡ ಕೂರುತ್ತದೆ. ಯಾರೋ ಲಾರಿಯ ಇಮೋಜಿ ಹಾಕಿದ ದಿನ ಎಡವಟ್ಟು. ಅದಕ್ಕೆ 4 ಬೈಟ್ ಬೇಕು.

ಟೇಬಲ್ ಮಾತ್ರ ಸರಿ ಇದ್ದರೆ ಸಾಲದು. ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಪಿಡಿಒ ಕನೆಕ್ಷನ್ ಸಾಲಿನಲ್ಲೂ 'ಚಾರ್‌ಸೆಟ್=ಯುಟಿಎಫ್8ಎಂಬಿ4' ಇರಬೇಕು, ಪುಟದ ತಲೆಯಲ್ಲಿ ಮೆಟಾ ಚಾರ್‌ಸೆಟ್ 'ಯುಟಿಎಫ್-8' ಇರಬೇಕು. ಎಲ್ಲಿ ತಪ್ಪಿದೆ ಅನ್ನುವುದನ್ನು ಪರದೆ ನೋಡಿಯೇ ಹೇಳಬಹುದು. ಊರಿನ ಹೆಸರಿನ ಜಾಗದಲ್ಲಿ ಬರೀ ???? ಬಂದಿದ್ದರೆ ಎಲ್ಲೋ ಕನ್ನಡ ಗೊತ್ತಿಲ್ಲದ ಹಳೇ ಅಕ್ಷರ ಸೆಟ್ ಲ್ಯಾಟಿನ್1 ನುಗ್ಗಿದೆ. ಹೆಸರು ಕನೆಕ್ಷನ್‌ನಲ್ಲಿ ಹಾಳಾಗುತ್ತಿದೆಯೋ, ಸೇವ್ ಆಗುವಾಗಲೇ ಹಾಳಾಗಿದೆಯೋ ಅಂತ ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಝ್ಯಾಂಪ್ ಜೊತೆ ಬರುವ, ಡೇಟಾಬೇಸ್ ನೋಡುವ ಪುಟ) ಟೇಬಲ್ ತೆರೆದು ನೋಡಿ. ಅಲ್ಲೂ ಪ್ರಶ್ನಾರ್ಥಕ ಚಿಹ್ನೆಯೇ ಇದ್ದರೆ ಆ ಹೆಸರು ಹೋಯಿತು, ಮತ್ತೆ ಟೈಪ್ ಮಾಡಬೇಕು. ಹಾಗಲ್ಲದೆ, ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2, ಇದೇ ಜೋಡಿ ಮತ್ತೆ ಮತ್ತೆ ಕಂಡರೆ ಗಾಬರಿ ಬೇಡ. ಡೇಟಾ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ, ಓದುವ ಕಡೆ ಅಕ್ಷರ ಸೆಟ್ ತಪ್ಪಿದೆ.

ಇನ್ನೊಂದು ನಮ್ಮದೇ ಆದ ತಲೆನೋವಿದೆ. ಡಿಟಿಪಿ ಸೆಂಟರಿನಲ್ಲೋ ಗದಗದ ಪ್ರೆಸ್ಸಿನಲ್ಲೋ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಸಿಕ್ಕಿದರೆ, ಅದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ. ಫಾಂಟ್ ಬದಲಿಸಿದ ಕೂಡಲೇ ವೇಷ ಕಳಚುತ್ತದೆ. ಅದನ್ನು ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಡೇಟಾಬೇಸ್‌ಗೆ ಸೇರಿಸಿ. ಪರಿವರ್ತನೆ ಆದಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ. ಎಡವಟ್ಟಾಗುವುದು ಅಲ್ಲೇ.

ಕಾಗುಣಿತವನ್ನೂ ಈಗಲೇ ಇತ್ಯರ್ಥ ಮಾಡಿ. ಶಿಗ್ಗಾವಿಯೋ ಶಿಗ್ಗಾಂವವೋ, ರಾಣೆಬೆನ್ನೂರೋ ರಾಣೇಬೆನ್ನೂರೋ, ಒಂದನ್ನು ಹಿಡಿದುಕೊಳ್ಳಿ. ಎರಡೂ ಸೇರಿಕೊಂಡರೆ ಒಂದೇ ಊರು ಎರಡು ಸಲ ಬರುತ್ತದೆ.

ಹೆಸರುಗಳನ್ನು ತರುವುದು, ಕನ್ನಡದ ಕ್ರಮದಲ್ಲಿ

ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಒಂದೇ ಸಾಲು:

ಸೆಲೆಕ್ಟ್ ಐಡಿ, ಹೆಸರು, ಜಿಲ್ಲೆ ಫ್ರಮ್ ಊರುಗಳು ಆರ್ಡರ್ ಬೈ ಹೆಸರು, ಐಡಿ

ಕೊನೆಗೆ ಐಡಿ ಯಾಕೆ? ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಐಡಿ ಇಲ್ಲದಿದ್ದರೆ ಅಂಥ ಹೆಸರುಗಳಲ್ಲಿ ಯಾವುದು ಮೊದಲು ಅನ್ನುವುದು ಡೇಟಾಬೇಸ್‌ನ ಇಷ್ಟ. ಪಟ್ಟಿಯನ್ನು ಪುಟಪುಟವಾಗಿ ಒಡೆದಾಗ ಒಂದು ಊರು ಎರಡು ಕಡೆ ಬಂದು, ಇನ್ನೊಂದು ಎಲ್ಲೂ ಬಾರದೇ ಹೋಗಬಹುದು.

ಈಗ ಕನ್ನಡದ ವಿಷಯ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಗಳ ಸಂಖ್ಯೆಗಳು ಬಹುಪಾಲು ನಮ್ಮ ವರ್ಣಮಾಲೆಯ ಕ್ರಮದಲ್ಲೇ ಇವೆ. ಒಂದು ಕಡೆ ಮಾತ್ರ ದಾರಿ ತಪ್ಪುತ್ತದೆ. ಶಾಲೆಯಲ್ಲಿ ನಾವು ಯ ರ ಲ ವ ಶ ಷ ಸ ಹ ಳ ಅಂತ ಕಲಿತಿದ್ದೇವೆ, ಅಲ್ವಾ? ಯೂನಿಕೋಡ್‌ನಲ್ಲಿ ಳ ಬರುವುದು ಲ ಆದಕೂಡಲೇ, ವ ಗಿಂತ ಮೊದಲು. ಝ್ಯಾಂಪ್‌ನಲ್ಲಿ ಸಾಮಾನ್ಯವಾಗಿ ಕಾಣುವ 'ಜನರಲ್_ಸಿಐ' ಕೊಲೇಶನ್ (ಜೋಡಣೆಯ ನಿಯಮ) ಕನ್ನಡವನ್ನು ಈ ಸಂಖ್ಯೆಯ ಪ್ರಕಾರವೇ ಜೋಡಿಸುತ್ತದೆ.

ನಮ್ಮ 23 ತಾಲೂಕುಗಳಲ್ಲಿ ಈ ತೊಂದರೆ ಅಡಗಿ ಕೂತಿದೆ. ಅಣ್ಣಿಗೇರಿ ಆದಮೇಲೆ ಅಳ್ನಾವರ, ಎರಡೂ ಕ್ರಮದಲ್ಲಿ ಸರಿ. ಪಟ್ಟಿಗೆ ಹಳ್ಳಿಗಳನ್ನು ಸೇರಿಸಿದಾಗ ಬಣ್ಣ ಬಯಲು. ಬಳಗಾನೂರ ಮೊದಲು ಬಂದು ಬಸಾಪುರ ಆಮೇಲೆ ಬರುತ್ತದೆ. ವರ್ಣಮಾಲೆಯ ಪ್ರಕಾರ ಬಸಾಪುರ ಮುಂದೆ ಇರಬೇಕು. 'ಬಲ, ಬಸವ, ಬಳೆ' ಅಂತ ಮೂರು ಪದ ಹಾಕಿ ನಿಮ್ಮ ಕೊಲೇಶನ್ ಪರೀಕ್ಷೆ ಮಾಡಿ. ಇದೇ ಕ್ರಮದಲ್ಲಿ ಬಂದರೆ ಸರಿ. ಬಳೆ ನಡುವೆ ಬಂದರೆ ರಿಪೇರಿ ಬೇಕು.

ರಿಪೇರಿಗೆ ಒಂದು ಚಿಕ್ಕ ಉಪಾಯ ಇದೆ. ಅವಗ್ರಹ ಚಿಹ್ನೆ (ಽ) ಯೂನಿಕೋಡ್‌ನಲ್ಲಿ ಹ ಆದಮೇಲೆ, ದೀರ್ಘದ ಗುಣಿತಚಿಹ್ನೆಗಿಂತ ಮೊದಲು ಕೂತಿದೆ. ಳ ಇರಬೇಕಾದ ಜಾಗ ಕರೆಕ್ಟಾಗಿ ಅದೇ. ಊರಿನ ಹೆಸರುಗಳಲ್ಲಿ ಅವಗ್ರಹ ಬರುವುದೂ ಇಲ್ಲ. ಹಾಗಾಗಿ ಜೋಡಿಸುವಾಗ ಮಾತ್ರ ಳ ತೆಗೆದು ಽ ಇಟ್ಟರೆ ಕೆಲಸ ಆಯಿತು:

ಆರ್ಡರ್ ಬೈ ರಿಪ್ಲೇಸ್(ಹೆಸರು, 'ಳ', 'ಽ') ಕೊಲೇಟ್ ಯುಟಿಎಫ್8ಎಂಬಿ4_ಬಿನ್, ಐಡಿ

ಇಲ್ಲಿ ಳ ಮತ್ತು ಽ ಮಾತ್ರ ಕನ್ನಡದಲ್ಲೇ ಟೈಪ್ ಮಾಡಿ. ತೋರಿಸುವ ಹೆಸರು ಹಾಗೇ ಇರುತ್ತದೆ, ಜೋಡಣೆ ಮಾತ್ರ ಬದಲಾಗುತ್ತದೆ. ಸಾವಿರಾರು ಹೆಸರುಗಳಿದ್ದರೆ ಪ್ರತಿ ಸಲ ಹೀಗೆ ಬದಲಿಸುತ್ತಾ ಕೂರುವುದು ದಂಡ. 'ಜೋಡಣೆ_ಕೀ' ಅಂತ ಬೇರೆ ಕಾಲಮ್ ಇಟ್ಟು ಅದರಲ್ಲೇ ಬದಲಿಸಿದ ಹೆಸರು ಸೇವ್ ಮಾಡಿ, ಇಂಡೆಕ್ಸ್ ಹಾಕಿ.

ಕಣ್ಣಿಗೆ ಕಾಣದ ಕಸವೂ ಇರುತ್ತದೆ. ಎಲ್ಲಿಂದಲೋ ಕಾಪಿ ಮಾಡಿದ 'ಹಾನಗಲ್' ಕೊನೆಗೆ ಸೊನ್ನೆ ಅಗಲದ ಒಂದು ಅಕ್ಷರ ಅಂಟಿಕೊಂಡಿರಬಹುದು. 'ರೋಣ'ದ ಓ ಗುಣಿತ ಒಂದೇ ಚಿಹ್ನೆಯಾಗಿಯೂ ಇರಬಹುದು, ಮೂರು ತುಂಡು ಸೇರಿಯೂ ಆಗಿರಬಹುದು. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. ಸೇವ್ ಮಾಡುವ ಮೊದಲು ಪಿಎಚ್‌ಪಿಯ ಟ್ರಿಮ್ (ಅಂಚಿನ ಖಾಲಿ ಜಾಗ ತೆಗೆಯುತ್ತದೆ) ಮತ್ತು ನಾರ್ಮಲೈಜರ್ (ತುಂಡುಗಳನ್ನು ಒಂದೇ ಚಿಹ್ನೆ ಮಾಡುತ್ತದೆ) ಎರಡರಲ್ಲೂ ಹಾಯಿಸಿ. ಆ ಸೊನ್ನೆ ಅಗಲದ ಅಕ್ಷರ ಮಾತ್ರ ಇವೆರಡಕ್ಕೂ ಬಗ್ಗುವುದಿಲ್ಲ. ಹೆಸರಿನ ಕೊನೆಯಲ್ಲಿದ್ದರೆ ಅದನ್ನು ಪ್ರತ್ಯೇಕವಾಗಿ ತೆಗೆಯಬೇಕು.

ಕೆಳಮುಖ ಕಾಲಮ್: ಸಿಎಸ್‌ಎಸ್ ಕೈಗೆ ಬಿಡಿ

ಪಿಎಚ್‌ಪಿಯಲ್ಲಿ ಲೂಪ್ ಹಾಕಿ ಒಂದೊಂದು ಹೆಸರನ್ನೂ ಎಲ್‌ಐ (ಪಟ್ಟಿಯ ಒಂದು ಅಂಶ) ಟ್ಯಾಗಿನೊಳಗೆ ಬರೆಯಿರಿ, ಎಲ್ಲಾ ಸೇರಿ ಒಂದು ಯುಎಲ್ (ಪಟ್ಟಿ). ಹೆಸರನ್ನು ಬರೆಯುವಾಗ 'ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್' ಮೂಲಕವೇ ಬರೆಯಿರಿ. ಡೇಟಾಬೇಸ್‌ನಿಂದ ಬಂದದ್ದನ್ನು ಹಾಗೇ ಪುಟಕ್ಕೆ ಸುರಿದರೆ, ಯಾರೋ ಕಿಡಿಗೇಡಿ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ತುಂಬಿದ್ದರೆ ಅದೂ ಓಡುತ್ತದೆ.

ಕಾಲಮ್ ಮಾಡಲು ಸಿಎಸ್‌ಎಸ್‌ನಲ್ಲಿ (ಪುಟದ ಅಂದ ಹೇಳುವ ಭಾಷೆ) ಯುಎಲ್‌ಗೆ ಇಷ್ಟೇ ಸಾಕು:

ಕಾಲಮ್ಸ್: 3 12ರೆಮ್;
ಕಾಲಮ್-ಗ್ಯಾಪ್: 1ರೆಮ್;

ಅರ್ಥ: ಜಾಸ್ತಿ ಅಂದರೆ ಮೂರು ಕಾಲಮ್, ಒಂದೊಂದೂ ಕನಿಷ್ಠ 12 ರೆಮ್ ಅಗಲ. ಎಷ್ಟು ಹೆಸರು ಎಲ್ಲಿ ಅನ್ನುವ ಲೆಕ್ಕವನ್ನು ಬ್ರೌಸರ್ ತಾನೇ ಮಾಡುತ್ತದೆ, ಕಾಲಮ್‌ಗಳ ಎತ್ತರವನ್ನೂ ಸರಿದೂಗಿಸುತ್ತದೆ.

ಮೊಬೈಲಿನಲ್ಲಿ ಏನಾಗುತ್ತದೆ? ಸಾಮಾನ್ಯವಾಗಿ 1 ರೆಮ್ ಅಂದರೆ 16 ಪಿಕ್ಸೆಲ್. 12 ರೆಮ್ ಅಂದರೆ 192. ಎರಡು ಕಾಲಮ್ ಮತ್ತು ನಡುವಿನ ಸಂದು ಸೇರಿ 400 ಪಿಕ್ಸೆಲ್ ಬೇಕು. 360 ಅಗಲದ ಫೋನಿನಲ್ಲಿ ಅಷ್ಟು ಜಾಗ ಇಲ್ಲ, ಒಂದೇ ಕಾಲಮ್ ಬರುತ್ತದೆ. 8 ರೆಮ್ ಕೊಟ್ಟರೆ ಎರಡು ಕಾಲಮ್‌ಗೆ 272 ಸಾಕು. ಊರಿನ ಹೆಸರಿಗೆ 8 ರೆಮ್ ಧಾರಾಳ, 'ಹುಬ್ಬಳ್ಳಿ ಗ್ರಾಮೀಣ' ಕೂಡ ಸಾಧಾರಣ ಅಕ್ಷರ ಗಾತ್ರದಲ್ಲಿ ಹಿಡಿಯುತ್ತದೆ. ಗಿರಾಕಿಗಳು ನೋಡುವುದು ಫೋನಿನಲ್ಲೇ, ಆದ್ದರಿಂದ ನಾನು 8 ಕ್ಕೇ ಓಟು ಹಾಕುತ್ತೇನೆ.

ಎಲ್‌ಐಗೆ 'ಬ್ರೇಕ್-ಇನ್‌ಸೈಡ್: ಅವಾಯ್ಡ್' ಕೊಡಿ. ಇಲ್ಲದಿದ್ದರೆ ಎರಡು ಸಾಲಿನ ಹೆಸರಿನ ಮೊದಲ ಸಾಲು ಈ ಕಾಲಮ್ ಬುಡದಲ್ಲಿ, ಎರಡನೆಯದು ಪಕ್ಕದ ಕಾಲಮ್ ತಲೆಯಲ್ಲಿ ಹೋಗಿ ಕೂರುತ್ತದೆ.

ಲೈನ್-ಹೈಟ್ 1.6ರಷ್ಟಿರಲಿ. ಇಂಗ್ಲಿಷಿಗೆ ಸರಿಹೋಗುವ ಇಕ್ಕಟ್ಟಾದ ಸಾಲಿನಲ್ಲಿ ನಮ್ಮ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. 'ಲಕ್ಷ್ಮೇಶ್ವರ' ಬರೆದು ನೋಡಿ, ಗೊತ್ತಾಗುತ್ತದೆ. ಎತ್ತರ ಗಟ್ಟಿಮಾಡಿ ಓವರ್‌ಫ್ಲೋ ಹಿಡನ್ ಕೊಟ್ಟರಂತೂ ಒತ್ತು ಕತ್ತರಿಸಿಯೇ ಹೋಗುತ್ತದೆ. ಫಾಂಟಿಗೆ ನೋಟೋ ಸ್ಯಾನ್ಸ್ ಕನ್ನಡ, ಅದರ ಹಿಂದೆ ವಿಂಡೋಸ್‌ನ ನಿರ್ಮಲಾ ಯುಐ ಇದ್ದರೆ ಸಾಕು.

ಗುಂಪು ಮಾಡಿ ತೋರಿಸುವುದು

ಹೆಸರು ಐವತ್ತು ದಾಟಿದರೆ ಬರೀ ಪಟ್ಟಿ ಸಾಲದು, ನಡುವೆ ತಲೆಬರಹ ಬೇಕು. ಜಿಲ್ಲಾವಾರು ಆದರೆ ಆರ್ಡರ್ ಬೈಯಲ್ಲಿ ಮೊದಲು ಜಿಲ್ಲೆ, ಆಮೇಲೆ ಹೆಸರು. ಲೂಪಿನಲ್ಲಿ ಹಿಂದಿನ ಜಿಲ್ಲೆಯನ್ನು ಒಂದು ವೇರಿಯಬಲ್‌ನಲ್ಲಿ ನೆನಪಿಟ್ಟುಕೊಂಡು, ಬದಲಾದಾಗ ಹಿಂದಿನ ಯುಎಲ್ ಮುಚ್ಚಿ, ತಲೆಬರಹ ಬರೆದು, ಹೊಸ ಯುಎಲ್ ತೆರೆಯಿರಿ. ಇಂಥ ಕಡೆ ಕಾಲಮ್ಸ್ ಗುಣವನ್ನು ಯುಎಲ್ ಬದಲು ಎಲ್ಲವನ್ನೂ ಸುತ್ತುವರಿದ ಡಿವ್‌ಗೆ (ಹೊರಗಿನ ಪೆಟ್ಟಿಗೆಯಂಥ ಟ್ಯಾಗ್) ಕೊಡಬೇಕು. ತಲೆಬರಹಕ್ಕೆ 'ಬ್ರೇಕ್-ಆಫ್ಟರ್: ಅವಾಯ್ಡ್' ಹಾಕಿ. ಇಲ್ಲದಿದ್ದರೆ 'ಹಾವೇರಿ ಜಿಲ್ಲೆ' ಅನ್ನುವ ತಲೆಬರಹ ಒಂದು ಕಾಲಮ್ ಬುಡದಲ್ಲಿ ಒಂಟಿಯಾಗಿ ನಿಂತು, ಅದರ ಊರುಗಳೆಲ್ಲ ಪಕ್ಕದಲ್ಲಿರುತ್ತವೆ.

ಅ, ಕ, ಗ ಅಂತ ಅಕ್ಷರವಾರು ಬೇಕಾದರೆ ಹೆಸರಿನ ಮೊದಲ ಅಕ್ಷರ ತೆಗೆಯಬೇಕು. ಸಾದಾ 'ಸಬ್‌ಎಸ್‌ಟಿಆರ್' ಮುಟ್ಟಬೇಡಿ. ಅದು ಬೈಟ್ ಎಣಿಸುತ್ತದೆ. 'ಹುಬ್ಬಳ್ಳಿ' ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ 9 ಚಿಹ್ನೆ, ಬೈಟ್ ಲೆಕ್ಕದಲ್ಲಿ 27. ಮೊದಲ ಬೈಟ್ ಒಂದನ್ನೇ ಕಿತ್ತರೆ ಬರುವುದು ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ. 'ಎಂಬಿ_ಸಬ್‌ಎಸ್‌ಟಿಆರ್' ಬಳಸಿದರೆ ಗುಣಿತ ಬಿಟ್ಟು ಬರೀ ಹ ಸಿಗುತ್ತದೆ. ನಮಗೆ ಬೇಕಾಗಿರುವುದೂ ಅದೇ. ಹಾನಗಲ್, ಹಾವೇರಿ, ಹಿರೇಕೆರೂರು, ಎರಡೂ ಹುಬ್ಬಳ್ಳಿ, ಎಲ್ಲಾ ಹ ಕೆಳಗೆ ಸೇರುತ್ತವೆ.

ಅಡ್ಡ ಕಾಲಮ್: ಗ್ರಿಡ್

ಕಾರ್ಡ್‌ಗಳಿಗೆ ಗ್ರಿಡ್ ಒಳ್ಳೆಯದು:

ಡಿಸ್ಪ್ಲೇ: ಗ್ರಿಡ್;
ಗ್ರಿಡ್-ಟೆಂಪ್ಲೇಟ್-ಕಾಲಮ್ಸ್: ರಿಪೀಟ್(ಆಟೋ-ಫಿಲ್, ಮಿನ್‌ಮ್ಯಾಕ್ಸ್(14ರೆಮ್, 1ಎಫ್‌ಆರ್));
ಗ್ಯಾಪ್: 1ರೆಮ್;

ಆಟೋ-ಫಿಲ್ ಬದಲು ಆಟೋ-ಫಿಟ್ ಬರೆದವರು ಒಂದು ದಿನ ಪೇಚಾಡುತ್ತಾರೆ. ಕಾರ್ಡ್ ಜಾಸ್ತಿ ಇದ್ದಾಗ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹುಡುಕಿದಾಗ ಒಂದೇ ಕಾರ್ಡ್ ಉಳಿದರೆ ಆಟೋ-ಫಿಟ್ ಅದನ್ನು ಪುಟದ ಉದ್ದಗಲ ಹಿಗ್ಗಿಸುತ್ತದೆ, ಫೋಟೋ ಬೋರ್ಡಿನಷ್ಟಾಗುತ್ತದೆ.

ಲೆಕ್ಕ ನೀವೇ ಮಾಡಬೇಕಾದಾಗ

ಇಮೇಲ್‌ಗೆ ಪಟ್ಟಿ ಕಳಿಸುವಾಗ ಸಿಎಸ್‌ಎಸ್ ಕಾಲಮ್ ನಂಬುವಂತಿಲ್ಲ. ಆಗ ಪಿಎಚ್‌ಪಿಯಲ್ಲೇ ಹಂಚಬೇಕು. ಎಲ್ಲರೂ ಬರೆಯುವ ಸೂತ್ರ ಇದು:

ಸಾಲು = ಸೀಲ್(ಒಟ್ಟು ÷ ಕಾಲಮ್)

23 ÷ 3, ಮೇಲಕ್ಕೆ ಹತ್ತಿಸಿದರೆ 8. 'ಅರೇ_ಚಂಕ್'ಗೆ ಈ 8 ಕೊಟ್ಟರೆ 8, 8, 7 ಅಂತ ಮೂರು ತುಂಡು. ಚೆನ್ನಾಗಿದೆ. ಈಗ ಗದಗ ಜಿಲ್ಲೆಯ 7 ತಾಲೂಕುಗಳನ್ನು ಐದು ಕಾಲಮ್‌ಗೆ ಹಂಚಿ. ಸೀಲ್ ಕೊಡುವುದು 2. ತುಂಡುಗಳು 2, 2, 2, 1. ಐದನೇ ಕಾಲಮ್ ಖಾಲಿ! ಹೆಸರು ಕಡಿಮೆ ಇದ್ದು ಕಾಲಮ್ ಜಾಸ್ತಿ ಇದ್ದಾಗ ಈ ಸೂತ್ರ ಕೈಕೊಡುತ್ತದೆ.

ಸರಿಯಾದ ಹಂಚಿಕೆಗೆ ಭಾಗಲಬ್ಧ ಮತ್ತು ಶೇಷ ಎರಡೂ ಬೇಕು. 7ನ್ನು 5ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 2. ಎಲ್ಲಾ ಕಾಲಮ್‌ಗೂ ಒಂದೊಂದು ಕೊಡಿ, ಮೊದಲ ಎರಡಕ್ಕೆ ಇನ್ನೊಂದೊಂದು ಸೇರಿಸಿ: 2, 2, 1, 1, 1. ಪ್ರತಿ ಕಾಲಮ್‌ಗೆ ಎಷ್ಟು ಅಂತ ಗೊತ್ತಾದ ಮೇಲೆ 'ಅರೇ_ಸ್ಲೈಸ್'ನಿಂದ ಅಷ್ಟಷ್ಟು ಕತ್ತರಿಸಿಕೊಳ್ಳಿ. ಒಂದೊಂದು ತುಂಡೂ ಎಚ್‌ಟಿಎಂಎಲ್ ಟೇಬಲ್‌ನ ಒಂದೊಂದು ಟಿಡಿ (ಕೋಶ) ಒಳಗೆ.

ನಾಲ್ಕಾರು ವಿವರ ಇದ್ದರೆ ಟೇಬಲ್

ಊರು, ಜಿಲ್ಲೆ, ದಿನ, ಬಾಡಿಗೆ ಎಲ್ಲಾ ತೋರಿಸಬೇಕಾದರೆ ನೇರವಾಗಿ ಎಚ್‌ಟಿಎಂಎಲ್ ಟೇಬಲ್ ಬಳಸಿ. ಡಿವ್‌ಗಳಲ್ಲಿ ಟೇಬಲ್ ನಾಟಕ ಆಡಬೇಡಿ. ಒಂದು ರೆಕಾರ್ಡಿಗೆ ಒಂದು ಟಿಆರ್ (ಸಾಲು). ಬಾಡಿಗೆಯ ಅಂಕಿ ಬಲಕ್ಕೆ ಒತ್ತರಿಸಿ, ಸಾವಿರ ನೂರು ಒಂದರ ಕೆಳಗೊಂದು ಸರಿಯಾಗಿ ನಿಲ್ಲುತ್ತವೆ. ಫೋನಿಗಾಗಿ ಟೇಬಲ್ ಸುತ್ತ ಒಂದು ಡಿವ್ ಇಟ್ಟು 'ಓವರ್‌ಫ್ಲೋ-ಎಕ್ಸ್: ಆಟೋ' ಕೊಡಿ.

ತಲೆಬರಹ ಒತ್ತಿದರೆ ಆ ಪ್ರಕಾರ ಜೋಡಣೆ ಆಗಲಿ ಅಂತ ಗಿರಾಕಿ ಕೇಳಿಯೇ ಕೇಳುತ್ತಾರೆ. ಇಲ್ಲಿ ಹುಷಾರು. ಹುಡುಕುವ ಪದವನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲಿ ಬೈಂಡ್ ಮಾಡಬಹುದು (ಕ್ವೆರಿಯಿಂದ ಬೇರೆಯಾಗಿ, ಸುರಕ್ಷಿತವಾಗಿ ಕಳಿಸಬಹುದು), ಕಾಲಮ್‌ನ ಹೆಸರನ್ನು ಬೈಂಡ್ ಮಾಡಲು ಬರುವುದಿಲ್ಲ. ವೆಬ್ ವಿಳಾಸದಿಂದ (ಯುಆರ್‌ಎಲ್) ಬಂದ ಪದವನ್ನು ಹಾಗೇ ಆರ್ಡರ್ ಬೈಗೆ ಅಂಟಿಸಿದರೆ ಡೇಟಾಬೇಸ್ ಬಾಗಿಲು ತೆರೆದಿಟ್ಟಂತೆ. 'ಹೆಸರು', 'ಜಿಲ್ಲೆ', 'ಬಾಡಿಗೆ' ಅಂತ ನಿಮ್ಮದೇ ಅರೇ (ಪಟ್ಟಿ) ಇಟ್ಟುಕೊಳ್ಳಿ. ಬಂದ ಪದ ಅದರಲ್ಲಿ ಇದ್ದರೆ ಮಾತ್ರ ಬಳಸಿ, ಇಲ್ಲದಿದ್ದರೆ ಹೆಸರಿನ ಕ್ರಮಕ್ಕೇ ಹೋಗಲಿ.

ಪುಟ ಒಡೆಯುವುದು, ಪ್ರಿಂಟ್ ತೆಗೆಯುವುದು

ಹಳ್ಳಿಗಳೆಲ್ಲ ಸೇರಿ ನೂರಾರು ಆದರೆ ಒಂದು ಪುಟಕ್ಕೆ 60 ಇಡಿ. 60 ಯಾಕಂದರೆ 2, 3, 4, 5, 6 ಯಾವುದರಿಂದ ಭಾಗಿಸಿದರೂ ಶೇಷ ಉಳಿಯುವುದಿಲ್ಲ. ಪರದೆ ಎಷ್ಟೇ ಅಗಲವಿದ್ದರೂ ಕೊನೆಯ ಪುಟ ಬಿಟ್ಟು ಉಳಿದೆಲ್ಲ ಕಡೆ ಕಾಲಮ್ ಸಮ ಇರುತ್ತದೆ. ಎರಡನೇ ಪುಟಕ್ಕೆ 'ಲಿಮಿಟ್ 60 ಆಫ್‌ಸೆಟ್ 60'.

ಟ್ರಾನ್ಸ್‌ಪೋರ್ಟ್ ಆಫೀಸಿನವರು ಇದನ್ನು ಖಂಡಿತ ಪ್ರಿಂಟ್ ತೆಗೆದು ಕೌಂಟರ್ ಗಾಜಿನ ಕೆಳಗೆ ಇಡುತ್ತಾರೆ. ಅದಕ್ಕೆ ಬೇರೆ ಪುಟ ಬೇಡ. 'ಅಟ್ ಮೀಡಿಯಾ ಪ್ರಿಂಟ್' ಬ್ಲಾಕಿನಲ್ಲಿ ಮೆನು, ಬಟನ್ ಎಲ್ಲಾ 'ಡಿಸ್ಪ್ಲೇ: ನನ್' ಮಾಡಿ, 'ಕಾಲಮ್ಸ್: 4 ಆಟೋ' ಕೊಟ್ಟು, ಅಕ್ಷರ 11 ಪಾಯಿಂಟ್ ಮಾಡಿ. 'ಕಾಲಮ್-ರೂಲ್: 1ಪಿಎಕ್ಸ್ ಸಾಲಿಡ್' ಸೇರಿಸಿದರೆ ಕಾಲಮ್‌ಗಳ ನಡುವೆ ಗೆರೆ ಬರುತ್ತದೆ. 23 ಊರು ಎ4 ಹಾಳೆಯ ಮೇಲ್ಭಾಗದಲ್ಲೇ ಮುಗಿಯುತ್ತವೆ, ಕೆಳಗೆ ಫೋನ್ ನಂಬರ್ ದೊಡ್ಡದಾಗಿ ಹಾಕಲು ಜಾಗವೂ ಉಳಿಯುತ್ತದೆ.